ಸಣ್ಣ ಕಾರಿನಲ್ಲಿ ಥಾರ್ ಮರಳು ದಾಟಿದ್ದು: ನನ್ನ ಅನುಭವ

ಜೈಸಲ್ಮೇರ್ ದಾಟಿದ ಮೇಲೆ ಸಣ್ಣ ಪೆಟ್ರೋಲ್ ಕಾರನ್ನು ಮರಳಿಗೆ ಇಳಿಸಬಾರದು, ಅದಕ್ಕೆ ನಾಲ್ಕೂ ಗಾಲಿಗೆ ಬಲವಿರುವ ಜೀಪೇ ಬೇಕು ಎಂದು ದೂರಪ್ರಯಾಣದ ಗೆಳೆಯರೆಲ್ಲ ಹೇಳಿದ್ದರು. ಕಳೆದ ಚಳಿಗಾಲದಲ್ಲಿ ನಮ್ಮ ಕಾರು ಜೈಸಲ್ಮೇರ್ ಬಳಿಯ ಖೂರಿ ಹಳ್ಳಿಯಿಂದಾಚೆಗಿನ ಢಾಣಿಯೊಂದರ (ಮರಳುಗಾಡಿನ ಕೆಲವೇ ಮನೆಗಳ ಪುಟ್ಟ ಊರು) ಅತಿಥಿಗೃಹದ ಅಂಗಳದವರೆಗೆ ಯಾರೂ ತಳ್ಳದೆ ತಲುಪಿತು, ಹಾಗೆಯೇ ಹಿಂದಿರುಗಿತು. ಆದ್ದರಿಂದ ಈ ಬರಹ.

ಹುಬ್ಬಳ್ಳಿಯಿಂದ ಪುಣೆ, ಅಹಮದಾಬಾದ್, ಸಾಂಚೋರ್, ಬಾಡ್ಮೇರ್ ಮಾರ್ಗವಾಗಿ ಜೈಸಲ್ಮೇರ್‌ಗೆ ಸುಮಾರು 1,600 ಕಿ.ಮೀ. ಆಗುತ್ತದೆ. ಅಲ್ಲಿಂದ ಗಡಿಯ ಕಡೆಗಿರುವ ಲೋಂಗೇವಾಲಾ, ತನೋಟ್‌ವರೆಗೂ ಡಾಂಬರು ರಸ್ತೆಯೇ ಇದೆ; ರಾಮಗಢದಲ್ಲಿ ಟ್ಯಾಂಕ್ ತುಂಬಿಸಿಕೊಂಡರೆ ಸಾಕು. ನಿಜವಾದ ಕಷ್ಟವಿದ್ದದ್ದು ಢಾಣಿಗೆ ಹೋಗುವ ಕೊನೆಯ ನಾಲ್ಕೈದು ಕಿಲೋಮೀಟರಿನಲ್ಲಿ.

ಹಿಂದಿನ ಸಲ ಅಲ್ಲಿಯೇ ಮಧ್ಯಾಹ್ನದ ಬಿಸಿಲಿನಲ್ಲಿ ಮುಂದಿನ ಗಾಲಿಗಳು ಅಚ್ಚಿನವರೆಗೆ ಹೂತು, ಟ್ರ್ಯಾಕ್ಟರಿಗೆ 1,500 ರೂಪಾಯಿ ಕೊಡಬೇಕಾಯಿತು. ಗೋಣಿಚೀಲಗಳನ್ನು ಗಾಲಿಯ ಕೆಳಗೆ ಹಾಸಿದಾಗ ಗಾಲಿ ಅವನ್ನು ಹಿಂದಕ್ಕೆ ಎಸೆದುಬಿಟ್ಟಿತು. ಅರ್ಧ ಇಂಚಿನ ಪ್ಲೈವುಡ್ ಹಲಗೆ ಎರಡನೆಯ ತಿರುವಿಗೇ ಸೀಳಿತು. ತೆಂಗಿನ ನಾರಿನ ಚಾಪೆ ಹಿಡಿತ ಕೊಟ್ಟಿತಾದರೂ ಹತ್ತು ಅಡಿಗೊಮ್ಮೆ ಇಳಿದು ಅದನ್ನು ಎಳೆದು ಮುಂದೆ ಹಾಸುವುದು ಪ್ರಯಾಣವೆನಿಸುವುದಿಲ್ಲ. ಇವುಗಳಿಗೆಲ್ಲ ಐದಾರು ಸಾವಿರ ಹೋಯಿತು.

ಕೊನೆಗೆ ಕೆಲಸ ಕೊಟ್ಟದ್ದು ಟೈರಿನ ಗಾಳಿಯನ್ನು ಇಳಿಸುವ ಕ್ರಮ. ಅದನ್ನು ನಂಬುವ ಮೊದಲು ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಿದೆ. ಟೈರಿಗೆ ಮಸಿ ಬಳಿದು, ಕಾರನ್ನು ಜಾಕಿಯಿಂದ ಎತ್ತಿ, ಕೆಳಗೆ ಕಾಗದವಿಟ್ಟು ಇಳಿಸಿದಾಗ 32 ಪಿಎಸ್‌ಐಗೆ (ಟೈರಿನ ಗಾಳಿಯ ಒತ್ತಡದ ಅಳತೆ) ಐದು ಇಂಚಿನಷ್ಟು ಉದ್ದದ ಅಚ್ಚು ಮೂಡಿತು. 18ಕ್ಕೆ ಇಳಿಸಿದಾಗ ಅದು ಏಳು ಇಂಚನ್ನು ದಾಟಿತು, ಅಗಲ ಮಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಭಾರ ಹೆಚ್ಚು ಜಾಗಕ್ಕೆ ಹರಡಿದಷ್ಟೂ ಗಾಲಿ ಮರಳಿನಲ್ಲಿ ಹೂಳುವುದು ಕಡಿಮೆ. ಅಗಲವಾದ ಟೈರಿಗೆ ಹಣ ಸುರಿಯುವವರು ಈ ಕಾಗದವನ್ನು ಒಮ್ಮೆ ನೋಡಬೇಕು.

ಖೂರಿಯಲ್ಲಿ ರಾತ್ರಿ ಉಳಿದು, ಸೂರ್ಯ ಹುಟ್ಟುವ ಮೊದಲೇ, ಏಳು ಗಂಟೆಯ ಹೊತ್ತಿಗೆ, ಮರಳು ತಣ್ಣಗೆ ಬಿಗಿಯಾಗಿರುವಾಗ ಹೊರಟೆವು. ಮುಂದಿನ ಟೈರುಗಳಲ್ಲಿ 18, ಹಿಂದಿನವುಗಳಲ್ಲಿ 20 ಪಿಎಸ್‌ಐ ಇತ್ತು. ಗಾಲಿ ಜಾರಿದೊಡನೆ ಅದರ ಬಲವನ್ನು ತಗ್ಗಿಸುವ ಟ್ರ್ಯಾಕ್ಷನ್ ಕಂಟ್ರೋಲನ್ನು ಆಫ್ ಮಾಡಿ, ಎರಡನೆಯ ಗೇರಿನಲ್ಲಿ ಒಂದೇ ವೇಗ ಕಾಯ್ದುಕೊಂಡು, ಬ್ರೇಕನ್ನು ಮುಟ್ಟದೆ, ನಿಲ್ಲಲೇಬೇಕಾದಲ್ಲಿ ಇಳಿಜಾರಿಗೆ ಮುಖ ಮಾಡಿ ನಿಂತೆವು. ಈ ನೆಲ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಮೊಟ್ಟೆಯಿಡುವ ನೆಲವಾದ್ದರಿಂದ ಊರವರ ಗಾಡಿಜಾಡನ್ನು ಬಿಟ್ಟು ಒಂದು ಮಾರೂ ಆಚೆ ಸರಿಯಲಿಲ್ಲ. ಗಾಲಿ ಕುಸಿಯತೊಡಗಿದಾಗ ಸ್ಟೀರಿಂಗನ್ನು ನಾನು ಹೇಗೆ ಆಡಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ; ಎದುರಿಗೆ ಸಿಕ್ಕವರಿಗೆ ತೋರಿಸಬಲ್ಲೆ.

ಅತಿಥಿಗೃಹವೆಂದರೆ ಹುಲ್ಲು ಹೊದಿಸಿದ ನಾಲ್ಕು ಮಣ್ಣಿನ ಗುಡಿಸಲುಗಳು ಮತ್ತು ಮಳೆನೀರು ಹಿಡಿದಿಡುವ ನೆಲದಡಿಯ ಟಾಂಕಾ. ಇಬ್ಬರಿಗೆ ಊಟ ಸೇರಿ 1,800 ರೂಪಾಯಿಯಷ್ಟು ಕೊಟ್ಟೆವು. ಸಜ್ಜೆ ರೊಟ್ಟಿಯ ಜೊತೆ ಕೇರ್-ಸಾಂಗ್ರಿ ಪಲ್ಯ ಬಡಿಸಿದರು. ನಾವು ದಸರೆಯಲ್ಲಿ ಪೂಜಿಸುವ ಬನ್ನಿಮರದ ಕಾಯಿಯೇ ಅವರ ಸಾಂಗ್ರಿ; ಕೇರ್ ಎಂದರೆ ಮರಳುಗಾಡಿನ ಪೊದೆಯೊಂದರ ಸಣ್ಣ ಕಾಯಿ. ಒಣಗಿಸಿದ ಅರ್ಧ ಕಿಲೋ ಸಾಂಗ್ರಿ ತಂದು ಮನೆಯಲ್ಲಿ ಗುರೆಳ್ಳು ಪುಡಿ ಹಾಕಿ ಮಾಡಿ ನೋಡಿದೆವು. ರಾತ್ರಿಯಿಡೀ ನೆನೆಸಿದರೆ ಮಾತ್ರ ಅದು ಬೇಯುತ್ತದೆ.

ಹಿಂದಿರುಗುವಾಗ ಡಾಂಬರು ಸಿಕ್ಕೊಡನೆ ಗಾಳಿ ತುಂಬಿಸಿಕೊಳ್ಳಲೇಬೇಕು. ಮೆತ್ತಗಿನ ಟೈರಿನಲ್ಲಿ ವೇಗವಾಗಿ ಓಡಿಸಿದರೆ ಅದರ ಪಕ್ಕದ ಗೋಡೆ ಕಾದು ಸೀಳುತ್ತದೆ. ಎರಡು ಸಾವಿರ ರೂಪಾಯಿಯ 12 ವೋಲ್ಟ್ ಪಂಪು ಒಂದೊಂದು ಟೈರಿಗೆ ಐದಾರು ನಿಮಿಷ ತೆಗೆದುಕೊಂಡಿತು. ಎಂಜಿನ್ ಚಾಲೂ ಇಟ್ಟೇ ತುಂಬಿಸಿ, ಎರಡು ಟೈರುಗಳ ನಂತರ ಪಂಪನ್ನು ತಣಿಯಲು ಬಿಡಿ. ಜೈಸಲ್ಮೇರ್ ತಲುಪಿದ ದಿನವೇ ಏರ್ ಫಿಲ್ಟರ್ ತೆಗೆಸಿ ಝಾಡಿಸಿದೆವು. ಅದರಿಂದ ಬಿದ್ದ ಮರಳು ಎರಡು ಹಿಡಿಯಷ್ಟಿತ್ತು.