ಸೇಬಿಗೆ ಸಾಲಿನ ಅಂತರ 14 ಅಡಿ, ಗಿಡದ ಅಂತರ 8 ಅಡಿ: ಶಿಡ್ಲಘಟ್ಟದಲ್ಲಿ ನನ್ನ ಅನುಭವ

ಸೇಬಿನ ಸಾಲಿಗೆ 14 ಅಡಿ ಬಿಟ್ಟಾಗ "ಅರ್ಧ ಜಮೀನು ಸುಮ್ನೆ ಬೀಳು ಬಿಟ್ಟಿದ್ದೀಯಲ್ಲ" ಅಂದವರು ಬಹಳ ಜನ. ಹೋದ ಜೂನ್‌ನಿಂದ ಅವರೇ ಟೇಪು ಹಿಡಿದು ತೋಟಕ್ಕೆ ಬರುತ್ತಿದ್ದಾರೆ.

ಗಿಡ ಕೊಟ್ಟ ನರ್ಸರಿಯವರು ಹೇಳಿದ್ದು 8ಕ್ಕೆ 8. ಎಕರೆಗೆ 680 ಗಿಡ. ಅವರಿಗೂ ಗಿಡ ಮಾರಬೇಕು, ಅಲ್ವಾ? ಮೊದಲು ಅರ್ಧ ಎಕರೆಗೆ ಹಾಗೇ ಹಾಕಿದೆ. ಹೆಚ್ಚಿನವು ಹಿಮಾಚಲದ ರೈತ ಹರಿಮನ್ ಶರ್ಮಾ ಅವರ ತಳಿ ಎಚ್‌ಆರ್‌ಎಂಎನ್-99, ಒಂದಷ್ಟು ಅನ್ನಾ, ಅಲ್ಲಲ್ಲಿ ಡಾರ್ಸೆಟ್ ಗೋಲ್ಡನ್. ಗಿಡಕ್ಕೆ 150 ಚಿಲ್ಲರೆ. ಗುಣಿ, ಗೊಬ್ಬರ, ಡ್ರಿಪ್ ಸೇರಿ ಲಕ್ಷ ದಾಟಿತು. ನಮ್ಮ ಕಡೆ ಚಳಿ ಸಾಲದು, ಗಿಡ ಎಲೆ ಉದುರಿಸಿ ಮಲಗೋದೇ ಇಲ್ಲ, ವರ್ಷವಿಡೀ ಚಿಗುರು. ಮೂರನೇ ವರ್ಷಕ್ಕೆ ಕೊಂಬೆಗೆ ಕೊಂಬೆ ಹೆಣೆದುಕೊಂಡು ಒಳಗೆ ಕತ್ತಲು. ಬೂದಿ ರೋಗ ಬಂತು. ಹೊರಗಿನ ಎಲೆ ಔಷಧಿಯಲ್ಲಿ ತೊಯ್ದರೂ ಒಳಗಿನ ಚಿಗುರು ಹಿಟ್ಟು ಚೆಲ್ಲಿದ ಹಾಗೇ ಇತ್ತು. ಕೊನೆಗೆ ಒಂದು ಸಾಲು ಬಿಟ್ಟು ಒಂದು ಸಾಲು ಕೀಳಿಸಿದೆ. 170 ಗಿಡ, 25 ಸಾವಿರ ಮಣ್ಣುಪಾಲು. ಮರುವರ್ಷ ಉಳಿದರ್ಧ ಗಿಡದಲ್ಲೇ ಹಿಂದಿನದಕ್ಕಿಂತ ಜಾಸ್ತಿ ಹಣ್ಣು!

ಪಕ್ಕದ ಎಕರೆಗೆ 14ಕ್ಕೆ 8 ಬಂದದ್ದು ಹೀಗೆ. 390 ಗಿಡ, ಉತ್ತರ ದಕ್ಷಿಣ ಸಾಲು. ಸಣ್ಣ ಟ್ರ್ಯಾಕ್ಟರ್ ಸಲೀಸಾಗಿ ಓಡುತ್ತದೆ. ಮೊದಲೆರಡು ವರ್ಷ ನಡುವೆ ಹಾಕಿದ ಕಡಲೆಕಾಯಿಯಲ್ಲೇ ಗಿಡದ ದುಡ್ಡು ಹುಟ್ಟಿತು. ಡಿಸೆಂಬರ್‌ನಲ್ಲಿ ಹೂ ಬರಲಿ ಅಂತ ಎಲೆ ಕೀಳುವಾಗ ಆಳು ಗಿಡದ ಸುತ್ತ ತಿರುಗಬಹುದು, ಕೂಲಿ ಉಳಿಯುತ್ತದೆ. ಅದಕ್ಕೆ ಮುಂಚೆ ನೀರು ಎಷ್ಟು ದಿನ ನಿಲ್ಲಿಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಈ ಸಲ ಗಿಡಕ್ಕೆ 10-12 ಕಿಲೋ. ಹಿಮಾಚಲದ ಹಣ್ಣು ಬರೋ ಮುಂಚೆ ತೋಟದಲ್ಲೇ ಕಿಲೋ 100ರ ಆಸುಪಾಸು ಹೋಯಿತು. ಖರ್ಚು ಕಳೆದು ಎರಡೂವರೆ ಲಕ್ಷ ಕೈಗೆ ಬಂತು.

ಕಾಶ್ಮೀರದಲ್ಲಿ 10ಕ್ಕೆ 3 ಅಡಿ ಹಾಕ್ತಾರಲ್ಲ ಅಂತ ಕೇಳ್ತಾರೆ. ಅದು ಎಂ9 ಅನ್ನೋ ಬೇರುಗಿಡಕ್ಕೆ ಕಸಿ ಕಟ್ಟಿದ ಗಿಡ್ಡ ಗಿಡ, ಕಂಬ ತಂತಿ ಇಲ್ಲದೆ ನಿಲ್ಲಲ್ಲ. ನಮ್ಮದು ಎಂಎಂ111 ಬೇರುಗಿಡದ್ದು, ಬೆಳೆಯುವ ಜೋರೇ ಬೇರೆ.

ಒಂದು ಸಾಲಲ್ಲಿ 6 ಅಡಿಗೆ ಅನ್ನಾ ಹಾಕಿ, ಕೊಂಬೆಗೆ ಕಲ್ಲು ಕಟ್ಟಿ ಬಾಗಿಸಿ ನೋಡಿದೆ. ಹೂವೇನೋ ಬೇಗ ಬಂತು, ಆದರೆ ಗಾಳಿಗೆ ಕಲ್ಲು ಓಲಾಡಿ ಸಿಪ್ಪೆ ಸುಲಿಯಿತು. ಈಗ ದಾರ ಎಳೆದು ನೆಲದ ಗೂಟಕ್ಕೆ ಕಟ್ಟುತ್ತೇನೆ. ಅನ್ನಾಗೆ 6 ಅಡಿ ಸಾಕೇನೋ, ಇನ್ನೊಂದು ಬೆಳೆ ನೋಡಬೇಕು.

ನಮ್ಮ ಕಡೆಯವರು ಇನ್ನೊಂದು ಅಂತರ ಮರೆಯಬಾರದು. ಬೇಲಿ ಆಚೆ ಹಿಪ್ಪುನೇರಳೆ ಇದ್ದರೆ 30 ಅಡಿಯಾದರೂ ಬಿಡಿ, ಗಾಳಿ ನಿಂತ ಮೇಲೇ ಔಷಧಿ ಹೊಡೆಯಿರಿ. ಅದು ಹಾರಿ ಸೊಪ್ಪಿಗೆ ಬಿದ್ದರೆ ಪಕ್ಕದವರ ರೇಷ್ಮೆ ಹುಳುವೂ ಉಳಿಯಲ್ಲ, ಮಾತುಕತೆಯೂ ಉಳಿಯಲ್ಲ.