ಅತ್ತೆಯ ಕೃಷ್ಣನಿಗೆ ಜಾತಕ ಇರಲಿಲ್ಲ

‘ಅಮ್ಮಾ, ಎಷ್ಟು ಎತ್ತರ ಇತ್ತು?’ ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಿದ್ದವರು ಕೇಳಿದರು. ನಮ್ಮ ಸೋದರತ್ತೆ ಹೆಬ್ಬೆರಳು, ಕಿರುಬೆರಳು ಅಗಲಿಸಿ ‘ಇಷ್ಟು’ ಎಂದರು. ತೂಕ? ‘ಕೈಗೆ ಭಾರವಾಗೇ ಇತ್ತು.’ ಫೋಟೊ? ನಾನು ಮೊಬೈಲ್ ತಡಕಾಡಿದೆ. ಸಿಕ್ಕಿದ್ದು ಹಳೆಯ ನಾಮಕರಣದ ಒಂದು ಚಿತ್ರ. ಮಗುವಿನ ತಲೆಯ ಹಿಂದೆ ದೇವರ ಮಂಟಪ, ಮಂಟಪದೊಳಗೆ ಒಂದು ಮಸುಕು ಹಳದಿ ಚುಕ್ಕೆ. ಅದೇ ನಮ್ಮ ಅಂಬೆಗಾಲು ಕೃಷ್ಣ.

‘ಕಂಚಿನ ಕೃಷ್ಣನ ವಿಗ್ರಹ, ಒಂದು’ ಎಂದು ಬರೆದಾಯಿತು. ಮೈಸೂರಿನ ಹಳೆಯ ಮನೆಗಳಲ್ಲಿ ಅಂಥ ಕೃಷ್ಣ ಎಷ್ಟಿಲ್ಲ! ಹೊರಗೆ ಬಂದು ಸ್ಕೂಟರ್ ಹತ್ತುವಾಗ ಅತ್ತೆಗೆ ಜ್ಞಾಪಕ ಬಂತು: ‘ಲೋ, ಅದರ ಮೂಗು ಸವೆದಿತ್ತು ಕಣೋ. ನಲವತ್ತು ವರ್ಷ ಹುಣಸೆಹಣ್ಣು ಹಾಕಿ ತಿಕ್ಕಿದ್ದೀನಿ. ಎಡಮಂಡಿ ಹತ್ರ ಒಂದು ಸಣ್ಣ ತೂತೂ ಇತ್ತು.’ ವಾಪಸ್ ಹೋಗಿ ಅದನ್ನೂ ಬರೆಸಿದೆವು. ಆದರೆ ಬಾಯಿಮಾತಿಗೂ ಫೋಟೊಗೂ ಅಂತರವಿದೆ. ಕೃಷ್ಣ ಈವರೆಗೆ ಸಿಕ್ಕಿಲ್ಲ.

ಹಳೆಯ ವಸ್ತುಗಳ ರಕ್ಷಣೆ ಎಂದ ಕೂಡಲೇ ಎಲ್ಲರೂ ಬೀಗ, ಸಿಸಿಟಿವಿ ಎನ್ನುತ್ತಾರೆ. ಅವೂ ಬೇಕು, ಮುಂದೆ ಬರುತ್ತೇನೆ. ಅದಕ್ಕಿಂತ ಮೊದಲು ಆಗಬೇಕಾದದ್ದು ಒಂದೊಂದು ವಸ್ತುವಿಗೂ ಒಂದು ಜಾತಕ ಬರೆಯುವ ಕೆಲಸ. ಖರ್ಚಿಲ್ಲ, ಒಂದು ಭಾನುವಾರ ಸಾಕು.

ಜಾತಕ ಬರೆಯುವುದು ಹೇಗೆ?

ಕಿಟಕಿ ಪಕ್ಕ ಒಂದು ಮೇಜು ಎಳೆದುಕೊಳ್ಳಿ. ಅದರ ಮೇಲೆ ಒಗೆದ ಬಿಳಿ ಪಂಚೆ ಹಾಸಿ. ಮೋಡದ ದಿನದ ಬೆಳಕು ಬಹಳ ಒಳ್ಳೆಯದು. ಫ್ಲ್ಯಾಶ್ ಬೇಡ, ಲೋಹದ ಮೇಲೆ ಬಿದ್ದರೆ ಬರೀ ಹೊಳಪೇ ಕಾಣುತ್ತದೆ. ವಸ್ತುವಿನ ಪಕ್ಕ ಮಕ್ಕಳ ಸ್ಕೇಲ್ ಇಟ್ಟು ಮುಂದೆ, ಹಿಂದೆ, ಎರಡು ಪಕ್ಕ, ಕೊನೆಗೆ ಮಗುಚಿ ತಳ, ಹೀಗೆ ಐದು ಫೋಟೊ ತೆಗೆಯಿರಿ. ತಳವನ್ನು ಮರೆಯಬೇಡಿ, ಎರಕದ ಗುರುತುಗಳು ಅಲ್ಲೇ ಇರುತ್ತವೆ. ಆಮೇಲೆ ಊನಗಳನ್ನು ಹತ್ತಿರದಿಂದ ತೆಗೆಯಿರಿ: ಬಿರುಕು, ಬೆಸುಗೆ, ಮುರಿದ ಬೆರಳು, ಸವೆದ ಮೂಗು. ಎರಕದ ಎರಡು ಕೃಷ್ಣ ಒಂದೇ ಥರ ಇರಬಹುದು, ಆದರೆ ಎರಡರ ಮೂಗೂ ಒಂದೇ ಥರ ಸವೆದಿರುವುದಿಲ್ಲ.

ಎತ್ತರ, ಅಗಲ, ದಪ್ಪವನ್ನು ಸೆಂಟಿಮೀಟರ್‌ನಲ್ಲಿ, ತೂಕವನ್ನು ಅಡುಗೆಮನೆಯ ತಕ್ಕಡಿಯಲ್ಲಿ ನೋಡಿ ಬರೆದಿಡಿ. ವಸ್ತು ಏನು, ಯಾವುದರಿಂದ ಮಾಡಿದ್ದು, ಅದರ ಮೇಲೆ ಏನು ಬರೆದಿದೆ, ಯಾರಿಂದ ಬಂತು ಎಂಬುದೂ ಇರಲಿ. ವಸ್ತುಸಂಗ್ರಹಾಲಯಗಳೂ ಪೊಲೀಸರೂ ಬಳಸುವ ‘ಆಬ್ಜೆಕ್ಟ್ ಐಡಿ’ ಎಂಬ ಅಂತರರಾಷ್ಟ್ರೀಯ ನಮೂನೆ 1997ರಿಂದ ಇದೆ. ಅದು ಕೇಳುವುದೂ ಹೆಚ್ಚುಕಡಿಮೆ ಇಷ್ಟನ್ನೇ. ಇಂಟರ್‌ಪೋಲ್ 2021ರಲ್ಲಿ ತಂದ ‘ಐಡಿ-ಆರ್ಟ್’ ಎಂಬ ಉಚಿತ ಆ್ಯಪ್‌ನಲ್ಲಿ ಮೊಬೈಲ್‌ನಲ್ಲೇ ಇದನ್ನು ತುಂಬಿಟ್ಟುಕೊಳ್ಳಬಹುದು.

ನಮ್ಮ ಹಿರಿಯರು ಇದನ್ನು ಆಗಲೇ ಮಾಡಿದ್ದರು ಅನ್ನಿ. ಮದುವೆಯ ಕೊಳದಪ್ಪಲೆ, ಚೊಂಬು, ಹರಿವಾಣದ ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆಸಿದ ಹೆಸರು, ತಾರೀಕು ನೋಡಿಲ್ಲವೇ? ಆ ಅಕ್ಷರಗಳನ್ನು ಓರೆ ಬೆಳಕಿನಲ್ಲಿ ತೆಗೆದರೆ ಸ್ಪಷ್ಟವಾಗಿ ಬರುತ್ತವೆ. ಹಾಗೆಂದು ಈಗ ನೀವು ಹಳೆಯ ವಿಗ್ರಹದ ಮೇಲೆ ಹೊಸದಾಗಿ ಹೆಸರು ಕೊರೆಸಲು ಹೋಗಬೇಡಿ, ವಸ್ತು ಕೆಡುತ್ತದೆ. ಹತ್ತಿ ದಾರದಲ್ಲಿ ನಂಬರಿನ ಚೀಟಿ ಕಟ್ಟಿದರೆ ಸಾಕು.

ಮೈಸೂರು ಶೈಲಿಯ ಚಿತ್ರವಾದರೆ ಚೌಕಟ್ಟನ್ನು ಬಿಟ್ಟು ಚಿತ್ರದ್ದೇ ಅಳತೆ ಬರೆಯಿರಿ. ಕಳ್ಳರು ಚೌಕಟ್ಟು ಬಿಚ್ಚಿ ಎಸೆಯುತ್ತಾರೆ. ಬಂಗಾರದ ರೇಕಿನ ಕೆಳಗಿನ ಉಬ್ಬುಕೆಲಸ ಎಲ್ಲೆಲ್ಲಿ ಉದುರಿದೆಯೋ ಅದೇ ಅದರ ಬೆರಳಚ್ಚು. ಹಿಂಬದಿಯ ಹಲಗೆ, ಫ್ರೇಮ್ ಅಂಗಡಿಯ ಚೀಟಿಯನ್ನೂ ಬಿಡಬೇಡಿ. ತಾಳೆಗರಿ ಕಟ್ಟಾದರೆ ಗರಿಗಳ ಸಂಖ್ಯೆ, ಮೊದಲ ಮತ್ತು ಕೊನೆಯ ಗರಿಯ ಫೋಟೊ. 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ಇಂಥದ್ದೇ ಒಂದು ಕಟ್ಟಿನಲ್ಲಿ. ನಿಮ್ಮ ಅಟ್ಟದಲ್ಲಿ ಇರುವುದು ಹಳೆಯ ಪಂಚಾಂಗವೇ ಇರಬಹುದು, ಆದರೂ ಎಣಿಸಿಡಿ. ಗೋಡೆ ಗಡಿಯಾರವಿದ್ದರೆ ಯಂತ್ರದ ಮೇಲೆ ಒತ್ತಿದ ನಂಬರ್ ಇದೆಯೇ ನೋಡಿ.

ಈ ಪಟ್ಟಿಯನ್ನು ಅದೇ ಬೀರುವಿನಲ್ಲಿ ಇಡಬೇಡಿ. ಒಂದು ಪ್ರತಿ ಇ-ಮೇಲ್‌ನಲ್ಲಿ, ಇನ್ನೊಂದು ಬೇರೆ ಊರಿನ ನಂಬಿಕಸ್ಥರ ಬಳಿ.

ಫೋಟೊ ಒಂದು ವಸ್ತುವನ್ನು ವಾಪಸ್ ತರಬಲ್ಲದೇ ಎಂದು ಅನುಮಾನವಿದ್ದರೆ ತಮಿಳುನಾಡಿನ ಶ್ರೀಪುರಂದಾನ್ ನಟರಾಜನನ್ನು ನೆನೆಯಿರಿ. ದೇವಸ್ಥಾನದಿಂದ ಕಳುವಾದ ಆ ಮೂರ್ತಿಯನ್ನು 2008ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ ಕೊಂಡಿತ್ತು. ಅದು ಆ ದೇವಸ್ಥಾನದ್ದೇ ಎಂದು ತೋರಿಸಿಕೊಟ್ಟದ್ದು ಪುದುಚೇರಿಯ ಫ್ರೆಂಚ್ ಸಂಸ್ಥೆ ಹಿಂದೆಯೇ ತೆಗೆದಿಟ್ಟಿದ್ದ ಫೋಟೊಗಳು. 2014ರಲ್ಲಿ ನಟರಾಜ ಭಾರತಕ್ಕೆ ಮರಳಿದ.

ಹಿತ್ತಲ ಬಾಗಿಲು ನೋಡಿದ್ದೀರಾ?

ಅಗ್ರಹಾರ, ಚಾಮರಾಜಪುರಂ ಕಡೆಯ ಹಳೆಯ ಮನೆಗಳಲ್ಲಿ ಬೀದಿ ಬಾಗಿಲು ಆನೆ ಬಂದು ಗುದ್ದಿದರೂ ಅಲುಗುವುದಿಲ್ಲ. ಹಿತ್ತಲ ಬಾಗಿಲಿಗೆ ಮಾತ್ರ ಅಜ್ಜನ ಕಾಲದ ಒಂದು ಅಗುಳಿ. ಅದರಾಚೆ ಕನ್ಸರ್ವೆನ್ಸಿ ಗಲ್ಲಿ, ಅಂದರೆ ಮನೆಗಳ ಹಿಂಬದಿಯ ಓಣಿ, ಅಲ್ಲಿ ದೀಪವೂ ಇಲ್ಲ, ಜನವೂ ಇಲ್ಲ. ದುಡ್ಡು ಹಾಕುವುದಾದರೆ ಮೊದಲು ಅಲ್ಲಿಗೆ ಹಾಕಿ: ಕಬ್ಬಿಣದ ಗ್ರಿಲ್ ಬಾಗಿಲು, ಒಳಗಿನಿಂದ ಅಡ್ಡಪಟ್ಟಿ, ಯಾರಾದರೂ ಓಡಾಡಿದರೆ ತಾನೇ ಹೊತ್ತಿಕೊಳ್ಳುವ ಒಂದು ದೀಪ. ಹೆಂಚಿನ ಮನೆಯಾದರೆ ಹೆಂಚಿನ ಕೆಳಗೆ ಕಬ್ಬಿಣದ ಜಾಲರಿ.

ಚೀಲಕ್ಕೆ ಹಿಡಿಯುವ ಚಿಕ್ಕ ವಸ್ತುಗಳೇ ಮೊದಲು ಹೋಗುವುದು. ಅವನ್ನು ಗೋಡೆಗೆ ಬೋಲ್ಟ್ ಹಾಕಿ ನಿಲ್ಲಿಸಿದ ಬೀರುವಿನಲ್ಲಿಡಿ. ಚಿತ್ರಗಳನ್ನು ಒಂದು ಮೊಳೆಗೆ ನೇತು ಹಾಕುವ ಬದಲು ಎರಡು ಕಡೆ ಸ್ಕ್ರೂ ಹಾಕಿ ಬಿಗಿಸಿ. ಬ್ಯಾಂಕ್ ಲಾಕರ್ ಚಿನ್ನದ ನಾಣ್ಯಕ್ಕೆ ಸರಿ. ಆದರೆ ಕಳವು, ಬೆಂಕಿ ಅಥವಾ ಸಿಬ್ಬಂದಿಯ ಮೋಸದಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟಿಗೆ ಸೀಮಿತ ಎಂಬುದು 2022ರಿಂದ ರಿಸರ್ವ್ ಬ್ಯಾಂಕಿನ ನಿಯಮ. ಮನೆ ವಿಮೆ ಮಾಡಿಸುವಾಗಲೂ ಹಳೆಯ ವಸ್ತುಗಳನ್ನು ಹೆಸರಿಸಿ, ಬೆಲೆ ಕಟ್ಟಿಸಿ ಸೇರಿಸಿ. ಸುಮ್ಮನೆ ‘ಮನೆ ಸಾಮಾನು’ ಎಂದು ಬರೆಸಿದರೆ ಕ್ಲೇಮ್ ಹೊತ್ತಿಗೆ ರಗಳೆ ಶುರುವಾಗುತ್ತದೆ.

ಬಾಯಿಗೂ ಬೀಗ

ದಸರಾ ಬಂದರೆ ನಮ್ಮಲ್ಲಿ ಗೊಂಬೆ ನೋಡಲು ಬಂದವರಿಗೆಲ್ಲ ಬಾಗಿಲು ತೆರೆದೇ ಇರುತ್ತದೆ, ಇರಲೂಬೇಕು. ಪಟ್ಟದ ಗೊಂಬೆ ಕೂರಿಸಿ ಬೀಗ ಹಾಕಿಕೊಳ್ಳುವುದು ಯಾವ ಸಂಭ್ರಮ? ಆದರೆ ಗೊಂಬೆ ನೋಡಲು ಬಂದವರು ದೇವರಮನೆ, ಮಹಡಿ ಎಲ್ಲ ಸುತ್ತಬೇಕಾಗಿಲ್ಲ. ಬೆಲೆಬಾಳುವ ವಸ್ತುಗಳನ್ನು ಮೇಲಿನ ಮೆಟ್ಟಿಲಲ್ಲಿ, ಕೈಗೆಟುಕದಂತೆ ಕೂರಿಸಿ. ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಗೊಂಬೆ ಹಾಕಿದ ಮರುದಿನವೇ ‘ತಿರುಪತಿಗೆ ಹೊರಟೆವು’ ಎಂದು ಹಾಕಬೇಡಿ. ಊರಿಗೆ ಹೋಗುವಾಗ ಪಕ್ಕದ ಮನೆಗೂ ಠಾಣೆಗೂ ಒಂದು ಮಾತು ತಿಳಿಸಿ.

ವಿಗ್ರಹ, ಒಡವೆಗೆ ಪಾಲಿಶ್ ಹಾಕುತ್ತೇವೆ, ಹಳೇ ಪಾತ್ರೆ ಕೊಟ್ಟರೆ ಹೊಸ ಸ್ಟೀಲ್ ಕೊಡುತ್ತೇವೆ ಎಂದು ಬರುವವರನ್ನು ಜಗುಲಿಯಿಂದಲೇ ಕಳಿಸಿ. ‘ನಿಮ್ಮ ತಾಮ್ರದ ಚೊಂಬು ಅಕ್ಕಿ ಎಳೆಯುತ್ತದೆ, ಕೋಟಿ ಬೆಲೆ’ ಎನ್ನುವ ರೈಸ್ ಪುಲ್ಲರ್ ಕಥೆ ಅಪ್ಪಟ ಮೋಸ. ಹಳೆಯ ನೋಟು, ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ ಎನ್ನುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ಹಾಗೆಂದು ಏನಾದರೂ ಕಾಣದಿದ್ದರೆ ಮನೆಗೆಲಸದವರ ಮೇಲೆ ಗೂಬೆ ಕೂರಿಸಬೇಡಿ. ಪಟ್ಟಿಯಿದ್ದರೆ ವಸ್ತು ಎಂದು ಕೊನೆಯ ಬಾರಿ ಕಂಡಿತ್ತು ಎನ್ನುವುದಾದರೂ ಗೊತ್ತಾಗುತ್ತದೆ. ಎಷ್ಟೋ ದೀಪದ ಕಂಬಗಳು ಕಳ್ಳರ ಕೈಗಲ್ಲ, ಆಸ್ತಿ ಪಾಲಾದ ವರ್ಷ ಚಿಕ್ಕಪ್ಪನ ಮನೆಗೆ ಹೋಗಿರುತ್ತವೆ!

ಕಾಗದಪತ್ರ

1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುಗಳು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು ‘ಪುರಾತನ ವಸ್ತು’ ಎನಿಸಿಕೊಳ್ಳುತ್ತವೆ. ಅವುಗಳಲ್ಲಿ ಕಲ್ಲು, ಲೋಹ, ಮರ, ದಂತದ ಶಿಲ್ಪಗಳು, ಚಿತ್ರಗಳು, ಸಚಿತ್ರ ಹಸ್ತಪ್ರತಿಗಳನ್ನು ನೋಂದಣಾಧಿಕಾರಿಯ ಬಳಿ ನೋಂದಾಯಿಸಬೇಕು. ಅರ್ಜಿಯ ಜೊತೆ ಫೋಟೊ ಕೊಡಬೇಕಾದ್ದರಿಂದ ಇದೂ ಒಂದು ಬಗೆಯ ರಕ್ಷಣೆಯೇ. ಪುರಾತನ ವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ.

ದಂತದ ವಿಷಯ ಬೇರೆ. ಮೈಸೂರಿನ ಬೀಟೆಮರದ ಹಳೆಯ ಮೇಜು, ಪೆಟ್ಟಿಗೆಗಳಲ್ಲಿ ಬಿಳಿ ಹುದುಗು ಚಿತ್ತಾರ ಇದ್ದರೆ ಅದು ನಿಜವಾದ ದಂತವೇ ಇರಬಹುದು. ಅದನ್ನು ಮಾರುವಂತಿಲ್ಲ. ಹಿರಿಯರಿಂದ ಬಂದದ್ದಾದರೆ ಬಂದ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ತಿಳಿಸಬೇಕು.

ಕಳುವಾಗಿಬಿಟ್ಟರೆ

ಮುಟ್ಟಬೇಡಿ, ಗುಡಿಸಬೇಡಿ, 112ಕ್ಕೆ ಕರೆ ಮಾಡಿ. ದೂರಿನ ಜೊತೆ ಜಾತಕದ ಪ್ರತಿ, ಫೋಟೊ ಲಗತ್ತಿಸಿ. ಈಗಿನ ಕಾನೂನಿನಲ್ಲಿ ಆನ್‌ಲೈನ್‌ನಲ್ಲೂ ದೂರು ಕೊಡಬಹುದು, ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ವಿಮೆಗೆ ಅದೇ ಆಧಾರ. ಮನೆಯಿಂದ ಕದ್ದದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮಿನಲ್ಲಿ ಏಳು ವರ್ಷದವರೆಗೆ ಶಿಕ್ಷೆಯಿದೆ. ಕಳುವಾದ ಕಲಾವಸ್ತುಗಳ ಇಂಟರ್‌ಪೋಲ್ ಪಟ್ಟಿಗೆ ನಾವೇ ಸೇರಿಸಲಾಗದು, ಅದು ಪೊಲೀಸರ ಮೂಲಕವೇ ಹೋಗಬೇಕು.

ಅತ್ತೆ ಈಗ ಹಳೆಯ ಹಾಲಿನ ಲೆಕ್ಕದ ಪುಸ್ತಕದಲ್ಲಿ ಪಟ್ಟಿ ಬರೆದಿದ್ದಾರೆ. ಕಳೆದ ದಸರಾದಲ್ಲಿ ಗೊಂಬೆ ಇಳಿಸಿ ಹಳೆಯ ಪಂಚೆ ತುಂಡಿನಲ್ಲಿ ಸುತ್ತುವಾಗ ಒಂದೊಂದಕ್ಕೂ ಗುರುತು ಹಾಕುತ್ತಾ ಕೂತಿದ್ದರು. ‘ಹದಿನೇಳು, ರಾಜನ ಎಡಗಿವಿ ಚಕ್ಕೆ ಎದ್ದಿದೆ. ಬರ್ಕೊಂಡೆಯೇನೋ?’