ನಮ್ಮ ಬಂದರ್ ಎಲ್ಲಿಂದ ಎಲ್ಲಿವರೆಗೆ? ಒಂದು ಏರಿಯಾದ ಬಗ್ಗೆ ಸರಿಯಾಗಿ ಬರೆಯೋದು ಹೀಗೆ

ಒಂದು ಯುವಕ ಸಂಘದ ಸ್ಮರಣ ಸಂಚಿಕೆಗೆ ಮಂಗಳೂರಿನ ಹಳೇ ಬಂದರು ಏರಿಯಾದ ಬಗ್ಗೆ ‘ನಮ್ಮ ಬಂದರ್’ ಅಂತ ಒಂದೂವರೆ ಪುಟ ಬರ್ದು ಕೊಟ್ಟಿದ್ದೆ. ಅಚ್ಚಾಗಿ ಬಂದ ವಾರಕ್ಕೆ ಒಣಮೀನಿನ ಅಂಗಡಿ ಕಾಕ ನನ್ನನ್ನು ಕರ್ದು ಕೂರಿಸಿ, ಕನ್ನಡಕ ಏರಿಸ್ಕೊಂಡು, ಎರಡನೇ ಸಾಲಿನ ಮೇಲೆ ಬೆರಳಿಟ್ಟು, “ಸ್ಟೇಟ್‌ಬ್ಯಾಂಕಿನಿಂದ ದಕ್ಕೆವರೆಗೆ ಅಂತ ಬರ್ದಿದ್ದಿ, ಹಾಗಾದ್ರೆ ನನ್ನ ಅಂಗಡಿ ಎಲ್ಲಿ ಬಂತು ಮಾರಾಯ, ಕುದ್ರೋಳಿಯಲ್ಲಾ?” ಅಂತ ಕೇಳಿದ್ರು. (ಸ್ಟೇಟ್‌ಬ್ಯಾಂಕ್ ಅಂದ್ರೆ ಬಸ್‌ಸ್ಟ್ಯಾಂಡ್ ಇರೋ ಜಾಗ, ದಕ್ಕೆ ಅಂದ್ರೆ ದೋಣಿ ನಿಲ್ಲೋ ಕಟ್ಟೆ, ಕುದ್ರೋಳಿ ಪಕ್ಕದ ಏರಿಯಾ.) ಉತ್ತರ ನನ್ನ ಹತ್ರ ಇರ್ಲಿಲ್ಲ. ಅದೇ ಲೇಖನದಲ್ಲಿ ‘ಸಾವಿರಾರು ಬಡ ಕುಟುಂಬಗಳು’ ಅಂತಲೂ ಬರ್ದಿದ್ದೆ, ಎಷ್ಟು ಸಾವಿರ, ಎಂತ ಬಡತನ, ಯಾರು ಎಣಿಸಿದ್ದು, ಒಂದೂ ಗೊತ್ತಿಲ್ದೆ. ಆಮೇಲೆ ಕೂತು ಸರಿ ಮಾಡಿದೆ, ಅದನ್ನೇ ಇಲ್ಲಿ ಹೇಳ್ತೇನೆ. ಶಾಲೆಯ ಪ್ರಾಜೆಕ್ಟ್ ಇರ್ಲಿ, ಸಂಘದ ಮನವಿ ಇರ್ಲಿ, ಕೆಲಸ ಒಂದೇ.

ಮೊದಲನೇ ಕೆಲಸ, ಗಡಿ. ಇದು ಸುಲಭ ಅಂತ ಕಾಣ್ತದೆ, ಆದ್ರೆ ಅತಿ ಹೆಚ್ಚು ತಪ್ಪು ಆಗೋದು ಇಲ್ಲೇ. ಒಂದು ಹೆಸರಿಗೆ ಕಡಿಮೆ ಅಂದ್ರೂ ಮೂರು ಗಡಿ ಇರ್ತದೆ: ಜನರ ಬಾಯಲ್ಲಿರೋದು, ಪಾಲಿಕೆಯ ವಾರ್ಡ್ ನಕ್ಷೆಯಲ್ಲಿರೋದು, ಅಂಚೆಯವರದ್ದು. ಬಂದರ್ ವಿಷಯದಲ್ಲಂತೂ ಗಮ್ಮತ್ತು, ಮಂಗಳೂರು ಪಾಲಿಕೆಯ 60 ವಾರ್ಡಿನಲ್ಲಿ ‘ಬಂದರ್’ ಅಂತ ಒಂದು ವಾರ್ಡ್, ‘ಪೋರ್ಟ್’ ಅಂತ ಇನ್ನೊಂದು, ಎರಡರ ಅರ್ಥವೂ ಒಂದೇ! ಬಾಯಿಮಾತಿನ ಬಂದರ್ ಅಂದ್ರೆ ಎರಡರದ್ದೂ ಚೂರು ಚೂರು. ಪಿನ್‌ಕೋಡ್ 575001 ನೋಡಿ ಗಡಿ ಹಾಕ್ತೇನೆ ಅಂದ್ರೆ ಪೇಟೆ ನಡುವಿನ ಹಂಪನಕಟ್ಟೆಯೂ ಒಳಗೆ ಬರ್ತದೆ, ಅದು ಕಾಗದ ಹಂಚ್ಲಿಕ್ಕೆ ಮಾಡಿದ ಗೆರೆ, ನಿಮ್ಮ ಲೇಖನಕ್ಕಲ್ಲ.

ಹಾಗಾಗಿ ನಕ್ಷೆ ಪ್ರಿಂಟ್ ತೆಗೆದು ಕೈಯಲ್ಲಿ ಹಿಡ್ಕೊಂಡು ನಡೀಬೇಕು. ಪಡು, ಮೂಡು, ಬಡಗು, ತೆಂಕು, ನಾಲ್ಕು ಬದಿಗೂ ಕಣ್ಣಿಗೆ ಕಾಣೋ ಒಂದೊಂದು ಗೆರೆ ಹುಡುಕಿ. ಪಡುವಿಗೆ ಗುರುಪುರ ಹೊಳೆ, ಅಂದ್ರೆ ಫಲ್ಗುಣಿ, ಅದ್ರಲ್ಲಿ ಜಗಳ ಇಲ್ಲ. ತೆಂಕಿಗೆ ದಕ್ಕೆ ದಾಟಿ ಹೊಯ್ಗೆಬಜಾರ್ ಶುರು ಆಗ್ತದೆ. ಬಡಗಿಗೆ ಕುದ್ರೋಳಿ, ಎಲ್ಲಿ ಇದು ಮುಗ್ದು ಅದು ಶುರು ಅಂತ ಕೇಳಿದ್ರೆ ಹತ್ತು ಜನ ಹತ್ತು ಅಡ್ಡರಸ್ತೆ ತೋರಿಸ್ತಾರೆ. ಆಗ ‘ಸುಮಾರಾಗಿ’ ಅಂತ ಬರೀಬೇಕು, ಸುಮ್ಮನೆ ಒಂದು ರಸ್ತೆ ಹಿಡ್ದು ಖಡಾಖಂಡಿತ ಮಾಡ್ಲಿಕ್ಕೆ ಹೋಗಬಾರ್ದು. ಹೊಳೆ ಆಚೆ ಬೆಂಗ್ರೆ ಉಂಟಲ್ಲ, ಅಲ್ಲಿನ ಜನ ದಿನಾ ದೋಣಿಯಲ್ಲಿ ಈಚೆ ಬಂದು ಹೋಗ್ತಾರೆ, ಸಾಮಾನು ಕೊಳ್ಳೋದು ಇಲ್ಲೇ, ಆದ್ರೂ ಬೆಂಗ್ರೆಗೆ ತನ್ನದೇ ವಾರ್ಡ್ ಉಂಟು. ಒಳಗೆ ಸೇರಿಸ್ತೀರಾ ಹೊರಗಾ ಅಂತ ನೀವೇ ನಿರ್ಧಾರ ಮಾಡಿ, ಮಾಡಿದ್ದನ್ನು ಲೇಖನದ ಮೊದಲ ಪ್ಯಾರಾದಲ್ಲೇ ಹೇಳಿ, ಆಮೇಲೆ ಕೊನೆವರೆಗೂ ಅದೇ ಗೆರೆ. ಮನೆ ಲೆಕ್ಕಕ್ಕೆ ಒಂದು ಗಡಿ, ಬಡತನಕ್ಕೆ ಇನ್ನೊಂದು ಗಡಿ ಮಾಡಿದ್ರೆ ಇಡೀ ಲೇಖನ ಢಮಾರ್.

ಹೆಗ್ಗುರುತಿಗೆ ತುಂಬಾ ತಲೆ ಕೆಡಿಸ್ಕೊಳ್ಳೋದು ಬೇಡ, ಐದಾರು ಸಾಕು: ಹಳೇ ಬಂದರ್ ದಕ್ಕೆಕಟ್ಟೆ, ಮೀನುಗಾರಿಕೆ ದಕ್ಕೆ, ಜೀನತ್ ಬಕ್ಷ್ ಜುಮಾ ಮಸೀದಿ, ಮೂಡು ಬದಿಗೆ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್, ನೆಹರೂ ಮೈದಾನ. ಹೊರಗಿನವರು ಬಂದರ್ ಅಂದ ಕೂಡ್ಲೇ ಪಣಂಬೂರು ಅಂದ್ಕೊಳ್ತಾರೆ, ಅದು ನವಮಂಗಳೂರು ಬಂದರು, 1974ರಲ್ಲಿ ದೊಡ್ಡ ಬಂದರು ಅಂತ ಘೋಷಣೆ ಆದದ್ದು, ಇಲ್ಲಿಂದ ಎಷ್ಟೋ ಕಿಲೋಮೀಟರ್ ಬಡಗಿಗೆ, ಹಾಗಾಗಿ ಒಂದು ಸಾಲಲ್ಲಿ ಬಿಡಿಸಿ ಹೇಳಿ. ಮತ್ತೆ ಹೆಸರು ಉಳಿದು ಜಾಗ ಹೋಗಿರ್ತದೆ, ಜ್ಯೋತಿ ಟಾಕೀಸು ಇಲ್ಲ, ಬಸ್ಸಿನ ಕಂಡಕ್ಟರ್ ಮಾತ್ರ ಈಗ್ಲೂ “ಜ್ಯೋತಿ ಜ್ಯೋತಿ” ಅಂತ ಬೊಬ್ಬೆ ಹಾಕ್ತಾನೆ. ಹೀಗಿರೋದಕ್ಕೆ ‘ಈಗ ಇಲ್ಲ’ ಅಂತ ಸೇರಿಸಿ.

ಇನ್ನು ಜನಸಂಖ್ಯೆ. ಅಂಕಿ ಹಾಕೋ ಮುಂಚೆ ಮೂರು ಪ್ರಶ್ನೆ: ಯಾವ ವರ್ಷದ್ದು, ಯಾವ ಗಡಿಯದ್ದು, ಯಾವ ಹೊತ್ತಿನದ್ದು.

ವರ್ಷ ಅಂದ್ರೆ 2011, ಬೇರೆ ದಾರಿ ಇಲ್ಲ, 2021ರ ಜನಗಣತಿ ಕೊರೊನಾದಿಂದ ಮುಂದೆ ಹೋಯ್ತು, ಮುಂದಿನದ್ದಕ್ಕೆ 2027ರ ಮಾರ್ಚ್ 1 ಅಂತ ದಿನ ಇಟ್ಟಿದ್ದಾರೆ. ಹಾಗಾಗಿ ‘ಇಷ್ಟು ಜನ ಇದ್ದಾರೆ’ ಅಂತ ಬರೀಬೇಡಿ, ‘2011ರಲ್ಲಿ ಇಷ್ಟಿತ್ತು’ ಅಂತ ಬರೀರಿ. ಗಡಿ ಅಂದ್ರೆ, ಮಂಗಳೂರಿಗೇ ನೋಡಿ, 2011ರಲ್ಲಿ ಪಾಲಿಕೆ ಒಳಗೆ ಸುಮಾರು 4.9 ಲಕ್ಷ, ಸುತ್ತಲಿನ ಊರು ಸೇರಿದ ನಗರ ಸಮೂಹ ಅಂದ್ರೆ ಸುಮಾರು 6.2 ಲಕ್ಷ, ಎರಡೂ ಸರಿ, ಯಾವುದು ಅಂತ ಹೇಳದಿದ್ರೆ ಎರಡೂ ತಪ್ಪು. ವಾರ್ಡಿನ ಲೆಕ್ಕ ಜನಗಣತಿಯ ವೆಬ್‌ಸೈಟಿನಲ್ಲಿ ಸಿಗ್ತದೆ, ಜನ, ಮನೆ, ಅಕ್ಷರಸ್ಥರು, ಕೆಲಸಗಾರರು ಎಲ್ಲ. ಆದ್ರೆ ಅದು 2011ರ ವಾರ್ಡ್ ಗೆರೆ, ಚುನಾವಣೆಗೆ ಅಂತ ವಾರ್ಡ್ ಮರುವಿಂಗಡಣೆ ಆಗಿದ್ರೆ ಹೆಸರು ಅದೇ ಇದ್ರೂ ಗೆರೆ ಬೇರೆ, ಎರಡು ನಕ್ಷೆ ಒಂದರ ಮೇಲೊಂದು ಇಟ್ಟು ನೋಡ್ದೆ ಮುಂದೆ ಹೋಗ್ಬೇಡಿ. ಸಾಕ್ಷರತೆ ಶೇಕಡಾ ತೆಗೆಯುವಾಗ 6 ವರ್ಷದವರೆಗಿನ ಮಕ್ಕಳನ್ನು ಒಟ್ಟು ಜನರಿಂದ ಕಳೀಬೇಕು, ಇದನ್ನು ಮರೆತೇ ನಾನು ಬಂದರಿನವರನ್ನು ಇದ್ದದ್ದಕ್ಕಿಂತ ಅನಕ್ಷರಸ್ಥರು ಮಾಡಿ ಹಾಕಿದ್ದೆ.

ಹೊತ್ತು ಅನ್ನೋದು ಬಂದರಿನಂಥ ಜಾಗಕ್ಕೆ ಭಾರಿ ಮುಖ್ಯ. ಬೆಳಿಗ್ಗೆ 11ಕ್ಕೆ ಹೋಗಿ, ಲಾರಿ, ಗೋಣಿ, ತಲೆಹೊರೆಯವರು, ಸ್ಕೂಟರ್ ನಿಲ್ಲಿಸ್ಲಿಕ್ಕೆ ಜಾಗ ಇಲ್ಲ. ರಾತ್ರಿ 9ಕ್ಕೆ ಹೋದ್ರೆ ಶಟರ್ ಎಲ್ಲ ಬಂದ್, ಬೆಕ್ಕು ಮಾತ್ರ. ಜನಗಣತಿ ಎಣಿಸೋದು ಮಲಗುವವರನ್ನು, ದುಡಿಯುವವರನ್ನಲ್ಲ. ಅದ್ರ ಮೇಲೆ ಸೀಸನ್ನು, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಮೀನುಗಾರಿಕೆ ನಿಷೇಧ, ಆಗ ಬೋಟಿನಲ್ಲಿ ದುಡಿಯೋ ಹೊರರಾಜ್ಯದ ಹುಡುಗರು ಊರಿಗೆ ಹೋಗಿ ದಕ್ಕೆ ಖಾಲಿ ಹೊಡೀತದೆ. 2011ರಲ್ಲಿ ಎಣಿಸಿದ್ದು ಫೆಬ್ರವರಿಯಲ್ಲಿ, ಮನೆ ಇಲ್ಲದವರನ್ನು ಫೆಬ್ರವರಿ 28ರ ರಾತ್ರಿ. ಜುಲೈಯಲ್ಲಿ ಎಣಿಸಿದ್ರೆ ಬೇರೆಯೇ ಅಂಕಿ ಬರ್ತಿತ್ತು.

ಬಡತನಕ್ಕೆ ಬರುವಾಗ ಕೈ ಸ್ವಲ್ಪ ಬಿಗಿ ಹಿಡೀರಿ. ‘ಹಿಂದುಳಿದ’, ‘ಕೊಳಕು’, ‘ಸ್ಲಂ’ ಇವೆಲ್ಲ ಅಳತೆ ಅಲ್ಲ. ಸ್ಲಂ ಅನ್ನೋದಕ್ಕೆ ಕಾನೂನಿನ ಅರ್ಥ ಉಂಟು, ಕರ್ನಾಟಕದಲ್ಲಿ 1973ರ ಕೊಳಚೆ ಪ್ರದೇಶ ಕಾಯ್ದೆ ಅಡಿ ಘೋಷಣೆ ಆಗಿದ್ರೆ ಮಾತ್ರ ಅದು ಘೋಷಿತ ಕೊಳಚೆ ಪ್ರದೇಶ. ಜನಗಣತಿಯವರಿಗೆ ಬೇರೆ ಲೆಕ್ಕ, ಕಡಿಮೆ ಅಂದ್ರೂ 300 ಜನ ಅಥವಾ 60-70 ಮನೆ ಒತ್ತೊತ್ತಾಗಿ, ನೀರು ಶೌಚಾಲಯ ಸರಿ ಇಲ್ದೆ ಇರ್ಬೇಕು. ನಿಮ್ಮ ಮೂಗಿಗೆ ಒಣಮೀನಿನ ವಾಸನೆ ಬಂತು ಅಂತ ಸ್ಲಂ ಆಗೋದಿಲ್ಲ. ಬಿಪಿಎಲ್ ಕಾರ್ಡ್ ಕೂಡ ಒಳ್ಳೆ ಅಳತೆಗೋಲಲ್ಲ, ಬೇಡದವರ ಹತ್ರ ಇರ್ತದೆ, ಗಾಳ ಹಿಡ್ದು ಬದುಕುವವನ ಹತ್ರ ಇರೋದಿಲ್ಲ. ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕ 12 ಅಂಶ ನೋಡ್ತದೆ, ಒಳ್ಳೇದೇ, ಆದ್ರೆ ಸಿಗೋದು ಜಿಲ್ಲೆಯ ಮಟ್ಟಕ್ಕೆ, ದಕ್ಷಿಣ ಕನ್ನಡದ ಸರಾಸರಿಯೊಳಗೆ ಬಂದರಿನ ಒಂದು ಓಣಿ ಎಲ್ಲಿ ಕಾಣ್ತದೆ?

ಹಾಗಾಗಿ ಕೊರತೆಯನ್ನೇ ಹೆಸರು ಹೇಳಿ ಬರೀರಿ. ನಲ್ಲಿ ಮನೆ ಒಳಗಾ, ಹತ್ರವಾ, 100 ಮೀಟರಿಗಿಂತ ದೂರವಾ (ಪಟ್ಟಣಕ್ಕೆ ಜನಗಣತಿ ಇಟ್ಟ ಲೆಕ್ಕ ಇದು), ಬಚ್ಚಲಿಗೆ ಮಾಡು (ಚಾವಣಿ) ಉಂಟಾ ಇಲ್ಲ ಬರೀ ಮರೆಯಾ, ಒಂದೇ ಕೋಣೆಯಲ್ಲಿ ಎಷ್ಟು ಜನ. ಈ ಕೋಷ್ಟಕ ವಾರ್ಡ್‌ವಾರು ಉಂಟು. ಒಂದು ವಿಷಯಕ್ಕೆ ಮಾತ್ರ ನಮ್ಮೂರಲ್ಲಿ ಜಾಗ್ರತೆ, ಹಂಚಿನ ಮಾಡು ನೋಡಿ ಬಡವ ಅಂತ ಬರೀಬೇಡಿ, ಮಂಗಳೂರು ಹಂಚಿನ ಊರು, ನೂರು ವರ್ಷದ ಸಾಹುಕಾರರ ಮನೆಗೂ ಅದೇ ಹಂಚು. ಮತ್ತೆ ಸರಾಸರಿ ಮೋಸ ಮಾಡ್ತದೆ. ಒಂದು ಓಣಿಯಲ್ಲಿ 100 ಮನೆ ಅಂತ ಇಟ್ಕೊಳ್ಳಿ, 60 ಹೊಸ ಫ್ಲ್ಯಾಟು, ಎಲ್ಲದರಲ್ಲೂ ಶೌಚಾಲಯ, 40 ಹಳೇ ಬಾಡಿಗೆ ಕೋಣೆ, 20ಕ್ಕೆ ಮಾತ್ರ ಸ್ವಂತದ್ದು. ಒಟ್ಟು ಶೇಕಡಾ 80, ಕೇಳ್ಲಿಕ್ಕೆ ಚಂದ, ಆದ್ರೆ ಬಾಡಿಗೆ ಕೋಣೆಯವರಲ್ಲಿ ಅರ್ಧ ಜನ ಬೆಳಿಗ್ಗೆ ಬಕೆಟ್ ಹಿಡ್ದು ಸಾಲಲ್ಲಿ ನಿಂತಿರ್ತಾರೆ. ಎರಡನ್ನೂ ಬೇರೆ ಬೇರೆ ಹೇಳಿ.

ಎಲ್ಲ ಆದ್ಮೇಲೆ ಅಚ್ಚಿಗೆ ಕೊಡೋ ಮುಂಚೆ ಅಲ್ಲಿ ಇರೋ ಒಬ್ಬರಿಗೆ, ಅಲ್ಲಿ ದುಡಿದು ಸಂಜೆ ಹೊರಗೆ ಹೋಗೋ ಒಬ್ಬರಿಗೆ ಓದ್ಲಿಕ್ಕೆ ಕೊಡಿ. ನಾನು ಹೊಸದಾಗಿ ಬರ್ದದ್ದನ್ನು ಕಾಕನಿಗೆ ಕೊಟ್ಟೆ. ನಿಧಾನಕ್ಕೆ ಓದಿದ್ರು, ಈ ಸಲ ಅವ್ರ ಅಂಗಡಿ ಗಡಿಯೊಳಗೇ ಬಂದಿತ್ತು, ಖುಷಿ ಆಯ್ತು ಅಂತ ಕಾಣ್ತದೆ, ಚಾ ತರಿಸಿದ್ರು. ಆಮೇಲೆ ಪೆನ್ನು ಕೇಳಿ ತೆಗೊಂಡು, ಮಸೀದಿಗೆ ಹೋಗೋ ದಾರಿಯಲ್ಲಿ ನಾನು ‘ಎಡಕ್ಕೆ’ ಅಂತ ಬರ್ದದ್ದನ್ನು ಹೊಡೆದು ‘ಬಲಕ್ಕೆ’ ಮಾಡಿದ್ರು.